ಎಂಜಿನ್ನಿನ ವಾಲ್ವುಗಳ ಸಂದನ್ನು ಹೊಂದಿಸುವ ಕ್ರಮ

ನೀರೆತ್ತುವ ಆಯಿಲ್ ಎಂಜಿನ್ನು ಸದ್ದಿಲ್ಲದೆ ನಡೆದರೆ ಸುಸ್ಥಿತಿಯಲ್ಲಿರುವುದೆಂದು ಭಾವಿಸುವುದು ವಾಡಿಕೆ. ಈ ಭಾವನೆಯು ಎಲ್ಲ ವೇಳೆಯಲ್ಲಿಯೂ ಸರಿಯಲ್ಲ. ವಾಲ್ವಿನ ಕಡ್ಡಿಯ ತುದಿಗೂ ಅದನ್ನು ಒತ್ತುವ ರಾಕರ್ ತೋಳಿಗೂ ನಡುವೆ ದಪ್ಪ ಕಾಗದದಷ್ಟು ಸಂದು ಇರತಕ್ಕದ್ದು. ಆ ಸಂದು ಮುಚ್ಚಿಹೋದ ಎಂಜಿನ್ನೇ ಎಲ್ಲಕ್ಕಿಂತ ಮೆತ್ತಗೆ ನಡೆಯುವುದು. ನಡುಬೇಸಗೆಯಲ್ಲಿ ಕೈಕೊಡುವುದೂ ಅದೇ.

ಬೆಂಗಳೂರು ಪೂರ್ವ ತಾಲ್ಲೂಕಿನ ಹೊರಮಾವು 2007ನೆಯ ಇಸವಿಯಲ್ಲಿ ಮಹಾನಗರ ಪಾಲಿಕೆಯ ಎಲ್ಲೆಗೆ ಸೇರಿತು. ಅದಕ್ಕೆ ಮೊದಲು ಅದು ಕೆರೆಯನ್ನೂ ಬಾವಿಗಳನ್ನೂ ನೆಚ್ಚಿದ ಗ್ರಾಮವಾಗಿತ್ತು. ಬೆಂಗಳೂರಿನ ಬೀದಿಗಳಲ್ಲಿ 1905ರಲ್ಲಿಯೇ ವಿದ್ಯುದ್ದೀಪಗಳು ಬೆಳಗಿದರೂ ಸುತ್ತಣ ಹಳ್ಳಿಗಳ ಬಾವಿಗಳಿಗೆ ತಂತಿ ಬರುವುದು ಬಹಳ ತಡವಾಯಿತು. ಅಂಥ ಕಡೆಗಳಲ್ಲಿ ಕಪಿಲೆಯ ಸ್ಥಾನಕ್ಕೆ ಬಂದುದು ಆಯಿಲ್ ಎಂಜಿನ್ನು. ವಿದ್ಯುತ್ತು ನಿಂತಾಗ ಈಗಲೂ ಅದೇ ಗತಿ. ಬಿಸಿಲಿನಲ್ಲಿ ಕೆಲವು ದಿನ ನೀರು ತಪ್ಪಿದರೆ ಸೊಪ್ಪಿನ ಮಡಿಗಳು ಉಳಿಯಲಾರವು.

ಸಂದು ಏತಕ್ಕೆಂದರೆ, ಲೋಹವು ಕಾದಾಗ ಉದ್ದವಾಗುವುದು. ಸಂದಿಲ್ಲದಿದ್ದರೆ ಉದ್ದವಾದ ವಾಲ್ವು ತನ್ನ ಪೀಠದ ಮೇಲೆ ಪೂರ್ತಿಯಾಗಿ ಕುಳಿತುಕೊಳ್ಳದು. ವಾಲ್ವು ತನ್ನ ಕಾವಿನ ಬಹುಭಾಗವನ್ನು ಪೀಠಕ್ಕೇ ಬಿಟ್ಟುಕೊಡತಕ್ಕದ್ದಾದುದರಿಂದ, ಪೀಠ ಮುಟ್ಟದ ಎಕ್ಸಾಸ್ಟ್ ವಾಲ್ವಿನ ಅಂಚು ಸುಟ್ಟುಹೋಗುವುದು. ಗಾಳಿಯ ಒತ್ತಡ ಸೋರಿ ಡೀಸೆಲ್ ಹೊತ್ತಿಕೊಳ್ಳದು. ಆಗ ಅನೇಕರು ಇಂಜೆಕ್ಟರನ್ನೂ ಪಂಪನ್ನೂ ಬಿಚ್ಚಿಸಿ ವೃಥಾ ಹಣ ತೆರುವರು. ಸಂದು ಹೆಚ್ಚಾದರೆ ಟಕಟಕ ಸದ್ದಾಗುವುದು, ವಾಲ್ವು ತಡವಾಗಿ ತೆರೆದು ಬೇಗ ಮುಚ್ಚುವುದು, ಬಲ ಕುಂದುವುದು. ಆದರೆ ಆ ದೋಷವು ತಾನೇ ಕೂಗಿ ತಿಳಿಸುವುದು. ವಾಲ್ವೂ ಪೀಠವೂ ಸವೆದು ಒಳಕ್ಕಿಳಿದಂತೆ ಸಂದು ತಾನಾಗಿ ಕಿರಿದಾಗುವುದುಂಟು. ಆದಕಾರಣ ಹಿಂದೆ ಇದ್ದ ಟಕಟಕ ಸದ್ದು ತಾನಾಗಿ ನಿಂತುಹೋದರೆ ಸಂತೋಷಪಡದೆ ಅಳೆದು ನೋಡತಕ್ಕದ್ದು.

ಅಳತೆಯನ್ನು ತಯಾರಕರ ಪುಸ್ತಕದಿಂದಲೇ ತಿಳಿಯಬೇಕು. ನೆರೆಯವರ ಎಂಜಿನ್ನಿನ ಅಳತೆ ಸಲ್ಲದು. ಮ್ಯಾಸಿ ಫರ್ಗ್ಯುಸನ್ 135 ಟ್ರಾಕ್ಟರಿನ ಮೂರು ಸಿಲಿಂಡರಿನ ಪರ್ಕಿನ್ಸ್ ಎಂಜಿನ್ನಿಗೆ ತಣ್ಣಗಿರುವಾಗ ಅಂಗುಲದ ಸಾವಿರದಲ್ಲಿ 12 ಭಾಗ, ಅಂದರೆ 0.30 ಮಿಲಿಮೀಟರ್, ಕಾದಿರುವಾಗ 10 ಭಾಗ, ಅಂದರೆ 0.25 ಮಿಲಿಮೀಟರ್. ಪುಸ್ತಕವು ಹೇಳಿರುವುದು ಯಾವ ಸ್ಥಿತಿಯ ಅಳತೆಯೆಂಬುದನ್ನು ಮೊದಲು ನೋಡಿಕೊಳ್ಳಬೇಕು.

ಒಂದೇ ಸಿಲಿಂಡರಿನ ಎಂಜಿನ್ನಿನಲ್ಲಿ ಕೆಲಸ ಸುಲಭ. ಎಂಜಿನ್ನು ತಣ್ಣಗಾದ ಮೇಲೆ ಡೀಸೆಲ್ ನಿಲ್ಲಿಸಿ ಫ್ಲೈವೀಲನ್ನು ಅದು ನಡೆಯುವ ದಿಕ್ಕಿನಲ್ಲಿಯೇ ಕೈಯಿಂದ ತಿರುಗಿಸಬೇಕು. ಗಾಳಿ ಎಳೆಯುವ ವಾಲ್ವು ತೆರೆದು ಮುಚ್ಚಿದ ಬಳಿಕ ಪಿಸ್ಟನ್ ಮೇಲಕ್ಕೆ ಬಂದು ನಿಲ್ಲುವ ಸ್ಥಾನವೇ ತಕ್ಕ ಸ್ಥಾನ. ಅಲ್ಲಿ ಎರಡು ವಾಲ್ವುಗಳೂ ಮುಚ್ಚಿರುವುವು. ಪಿಸ್ಟನ್ ಮೇಲಿರುವಾಗ ಎರಡೂ ತುಸು ಅಲುಗಾಡುತ್ತಿದ್ದರೆ ಇನ್ನೊಂದು ಪೂರ್ತಿ ಸುತ್ತು ತಿರುಗಿಸಬೇಕು. ಒತ್ತಡ ಬಿಡುವ ಸನ್ನೆ ಇದ್ದಲ್ಲಿ ಅದನ್ನು ಇಳಿಸಿಯೇ ಅಳೆಯತಕ್ಕದ್ದು. ಅದು ವಾಲ್ವನ್ನು ಎತ್ತಿ ಹಿಡಿದಿದ್ದರೆ ಅಳತೆಯೆಲ್ಲ ಸುಳ್ಳಾಗುವುದು.

ಬಳಿಕ ತಕ್ಕ ದಪ್ಪದ ಫೀಲರ್ ಗೇಜಿನ ಪಟ್ಟಿಯನ್ನು ಸಂದಿನಲ್ಲಿ ತೂರಿಸಬೇಕು. ಅದು ಸ್ವಲ್ಪ ತಡೆದು ಜಾರಬೇಕು; ಬಲಾತ್ಕಾರ ಕೂಡದು. ಲಾಕ್ ನಟ್ಟನ್ನು ಸಡಿಲಿಸಿ, ತಿರುಪನ್ನು ಹೊಂದಿಸಿ, ತಿರುಪು ಕದಲದಂತೆ ಹಿಡಿದು ನಟ್ಟನ್ನು ಬಿಗಿಯಬೇಕು. ಬಿಗಿಯುವಾಗ ಸಂದು ಬದಲಾಗುವುದು ಸಹಜ. ಆದುದರಿಂದ ಮರಳಿ ಅಳೆಯತಕ್ಕದ್ದು. ಕೆಲಸಗಾರರು ಬಿಟ್ಟುಬಿಡುವುದು ಇದನ್ನೇ. ಫ್ಲೈವೀಲನ್ನು ಎರಡು ಸುತ್ತು ತಿರುಗಿಸಿ ಇನ್ನೊಮ್ಮೆ ನೋಡುವುದು ಲೇಸು.

ಓಟದ ಮೋಟಾರುಗಳಲ್ಲಿಯೂ ತತ್ತ್ವ ಇದೇ, ಶ್ರಮ ಮಾತ್ರ ಹೆಚ್ಚು. 1948ರಲ್ಲಿ ಹೊರಬಂದ ಜಾಗ್ವಾರ್ ಎಕ್ಸ್‌ಕೆ ಎಂಜಿನ್ನಿನಲ್ಲಿ ತಿರುಪೇ ಇಲ್ಲ. ಕ್ಯಾಮ್‌ಶಾಫ್ಟನ್ನು ಬಿಚ್ಚಿ, ಬಟ್ಟಲಿನ ಕೆಳಗಣ ಪುಟ್ಟ ಬಿಲ್ಲೆಯನ್ನು ತೆಗೆದು, ಲೆಕ್ಕ ಹಾಕಿ ಬೇರೆ ದಪ್ಪದ್ದನ್ನು ಇಡಬೇಕು. ತಿರುಪಿರುವ ಎಂಜಿನ್ನಿನ ಒಡೆಯರಿಗೆ ಒಂದು ಸ್ಪ್ಯಾನರ್, ಒಂದು ತಿರುಪುಳಿ, ಒಂದು ಫೀಲರ್ ಗೇಜು ಸಾಕು. ಅಳತೆಯನ್ನೂ ತಾರೀಖನ್ನೂ ಎಂಜಿನ್ ಮನೆಯ ಗೋಡೆಯ ಮೇಲೆ ಬರೆದಿಟ್ಟರೆ, ಮುಂದಿನ ಸಾರಿ ಸಂದು ಎಷ್ಟು ಕಿರಿದಾಯಿತೆಂಬುದು ತಿಳಿಯುವುದು. ಪ್ರತಿ ಸಾರಿಯೂ ಬೇಗನೆ ಕಿರಿದಾಗುತ್ತಿದ್ದರೆ ಹೆಡ್ಡನ್ನು ಇಳಿಸಿ ಪೀಠವನ್ನು ಪರೀಕ್ಷಿಸತಕ್ಕದ್ದು.