ಗಾಡಿಯ ಕೆಳಗೆ ಹಾಲು ಚಹಾ

ಪ್ರಶ್ನೆ: ನನ್ನದು ನೂರು ಸಿಸಿ ಗಾಡಿ, 42 ಸಾವಿರ ಕಿ.ಮೀ. ಓಡಿದೆ. ದಿನಾ ಊರಿಂದ ಹೊಲಕ್ಕೆ, ಹೊಲದಿಂದ ಊರಿಗೆ, ಅಷ್ಟೇ ತಿರುಗಾಟ. ಎಂಜಿನ್ ಹಿಂದೆ, ಕೆಳಗಡೆ, ಬೂಚು ಹಾಕಿದ ತೆಳ್ಳನೆ ಕೊಳವೆಯೊಂದು ಜೋತುಬಿದ್ದಿದೆ. ಈ ಮಳೆಗಾಲದಲ್ಲಿ ಅದರೊಳಗೆ ಹಾಲು ಹಾಕಿದ ಚಹಾದಂಥದ್ದು ತುಂಬಿಕೊಂಡಿದೆ. ಒಬ್ಬ ಮೆಕ್ಯಾನಿಕ್ ‘ರಿಂಗ್ ಹೋಗ್ಯಾವ, ಎಂಜಿನ್ ಬಿಚ್ಚಬೇಕು’ ಅಂದ. ಇನ್ನೊಬ್ಬ ‘ಇದು ಇಥೆನಾಲ್ ಪೆಟ್ರೋಲಿನ ನೀರು’ ಅಂದ. ಯಾವುದು ಖರೆ?
– ನವಲಗುಂದ ತಾಲ್ಲೂಕಿನ ಓದುಗರೊಬ್ಬರು

ಉತ್ತರ: ಎರಡೂ ಅಲ್ಲ. ಸದ್ಯಕ್ಕೆ ಎಂಜಿನ್ ಬಿಚ್ಚಿಸಬೇಡಿ. ನೀವು ನೋಡಿದ್ದು ಸೋರಿಕೆಯಲ್ಲ, ಎಂಜಿನ್ ಬಿಟ್ಟ ಉಸಿರಿನ ತೇವ. ಅದು ಬಂದು ಅಲ್ಲೇ ಕೂರಲಿ, ಹೊರಗಿನಿಂದ ಕಾಣಲಿ ಎಂದೇ ಕೊಳವೆಯನ್ನು ಪಾರದರ್ಶಕ ಮಾಡಿ ತುದಿಗೆ ಬೂಚು ಹಾಕಿದ್ದಾರೆ. ಹೊಂಡಾ ಗಾಡಿಗಳ ಕೈಪಿಡಿಯಲ್ಲಿ ಕ್ರ್ಯಾಂಕ್‌ಕೇಸ್ ಬ್ರೀದರ್ ಎಂಬ ಹೆಸರಿನಲ್ಲಿ ಈ ಕೆಲಸ ಬೇರೆಯಾಗಿಯೇ ಬರುತ್ತದೆ: ಕೊಳವೆಯಲ್ಲಿ ಕೊಳೆ ಕಂಡಾಗ ಬಸಿಯಿರಿ, ಮಳೆಯಲ್ಲಿ ಓಡಿಸಿದ್ದರೆ, ಗಾಡಿ ತೊಳೆದಿದ್ದರೆ, ಗಾಡಿ ಮಗ್ಗುಲಾಗಿ ಬಿದ್ದಿದ್ದರೆ ಇನ್ನೂ ಬೇಗ ಬಸಿಯಿರಿ ಎಂದು. ಕೈಪಿಡಿ ಮಾತ್ರ ನಮ್ಮಲ್ಲಿ ಟ್ರಂಕಿನ ತಳದಲ್ಲಿ, ಗಾಡಿಯ ಬಿಲ್ಲಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಭದ್ರವಾಗಿರುತ್ತದೆ.

ಎಂಜಿನ್‌ಗೆ ಉಸಿರು ಯಾಕೆ ಬೇಕು? ಸ್ಪ್ಲೆಂಡರ್ ಎಂಜಿನ್ನು 97.2 ಸಿಸಿ. ಪಿಸ್ಟನ್ ಒಮ್ಮೆ ಕೆಳಗಿಳಿದರೆ ಮೇಲೆ ಅಷ್ಟು ಜಾಗ ತೆರೆದುಕೊಳ್ಳುತ್ತದೆ, ಕೆಳಗೆ ಎಣ್ಣೆಯಿರುವ ಕ್ರ್ಯಾಂಕ್‌ಕೇಸಿನಲ್ಲಿ ಅಷ್ಟೇ ಜಾಗ ಕುಗ್ಗುತ್ತದೆ. ನಿಮಿಷಕ್ಕೆ 4,000 ಸುತ್ತು ತಿರುಗುವಾಗ ಇದು ಸೆಕೆಂಡಿಗೆ ಸುಮಾರು 66 ಸಲ ನಡೆಯುತ್ತದೆ. ಅಂದರೆ ಸೆಕೆಂಡಿಗೆ ಆರು ಲೀಟರಿಗೂ ಹೆಚ್ಚು ಗಾಳಿಯನ್ನು ಪಿಸ್ಟನ್ನಿನ ಬೆನ್ನು ಹಿಂದೆಮುಂದೆ ನೂಕಾಡುತ್ತದೆ. ಎರಡು ಸೆಕೆಂಡಿಗೆ ಒಂದು ಸಣ್ಣ ಕೊಡದಷ್ಟು. ಕಂಬಾರನ ತಿದಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇದರ ಜೊತೆಗೆ, ರಿಂಗ್ ಎಷ್ಟೇ ಹೊಸದಿರಲಿ, ಮೇಲೆ ಉರಿದ ಗಾಳಿಯಲ್ಲಿ ಒಂದಿಷ್ಟು ರಿಂಗಿನ ಸಂದಿಯಿಂದ ನುಸುಳಿ ಕೆಳಗೆ ಬಂದೇ ಬರುತ್ತದೆ. ಇಷ್ಟನ್ನೂ ಹೊರಗೆ ಬಿಡಲು ದಾರಿಯಿಲ್ಲದಿದ್ದರೆ ಒತ್ತಡ ಏರುತ್ತದೆ. ಆಗ ಎಣ್ಣೆ ತಾನೇ ದಾರಿ ಹುಡುಕಿಕೊಳ್ಳುತ್ತದೆ: ಚೈನ್ ಸ್ಪ್ರಾಕೆಟ್ ಹಿಂದಿನ ಸೀಲು, ಗೇರ್ ಲಿವರಿನ ಸೀಲು, ಹೆಡ್ಡಿನ ಪ್ಯಾಕಿಂಗು.

ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ನಮ್ಮ ಮನೆಯಲ್ಲಿ ಹಳೆಯದೊಂದು ಬುಲೆಟ್ ಇತ್ತು. ಆ ಕಾಲದ ಬುಲೆಟ್ಟು ಉಸಿರನ್ನು ನೇರ ಹೊರಗೇ ಬಿಡುತ್ತಿತ್ತು. ಬಾತುಕೋಳಿಯ ಕೊಕ್ಕಿನಂಥ ರಬ್ಬರ್ ವಾಲ್ವು, ಅದರಿಂದ ಒಂದು ಪೈಪು, ಪೈಪಿನ ಬಾಯಿ ಬಯಲಿಗೆ. ಬೇಸಿಗೆಯೆಲ್ಲ ದನದ ಹಕ್ಕಿಯಲ್ಲಿ ನಿಲ್ಲಿಸಿದ್ದ ಗಾಡಿಯನ್ನು ಮಿರಗದ ಮಳೆಗೆ ಹೊರಗೆ ತೆಗೆದರೆ, ಒಂದೇ ವಾರದಲ್ಲಿ ಚೈನಿನ ಕಡೆ ಎಣ್ಣೆ ತೊಟ್ಟಿಕ್ಕತೊಡಗಿತು. ಸೀಲು ಬದಲಿಸಿದೆವು. ಮತ್ತೆ ಎಣ್ಣೆ. ಇನ್ನೊಂದು ಸೀಲು. ಮೂರನೆಯ ಸಲ ಗ್ಯಾರೇಜಿನ ಹುಡುಗನೊಬ್ಬ ಸುಮ್ಮನೆ ಪೈಪಿನ ತುದಿಯನ್ನು ಹಿಚುಕಿದ. ಗಟ್ಟಿ. ಒಳಗೆ ಕುಂಬಾರ ಹುಳ ಎರಿಮಣ್ಣಿನ ಗೂಡು ಕಟ್ಟಿ, ಮರಿಗೆಂದು ಹಸಿರು ಕೀಡೆಗಳನ್ನು ತುಂಬಿ, ಬಾಗಿಲು ಹಾಕಿಕೊಂಡು ಹೋಗಿತ್ತು. ‘ಸೀಲಿನ ತಪ್ಪಲ್ರೀ ಇದು, ಬಾಯಿ ಕಟ್ಟೈತಿ’ ಅಂದ. ಗೂಡು ಕೆರೆದು ತೆಗೆದ ಮೇಲೆ ಸೋರಿಕೆ ನಿಂತಿತು.

ಈಗಿನ ಗಾಡಿಗಳಲ್ಲಿ ಈ ಉಸಿರನ್ನು ಬಯಲಿಗೆ ಬಿಡುವುದಿಲ್ಲ, ಏರ್ ಫಿಲ್ಟರ್ ಡಬ್ಬಿಗೆ ಕಳಿಸುತ್ತಾರೆ. ಎಂಜಿನ್ ಅದನ್ನು ಮತ್ತೆ ಎಳೆದುಕೊಂಡು ಸುಡುತ್ತದೆ. ಸುಡಲಾಗದ ಎಣ್ಣೆಯ ಹನಿ, ನೀರು, ಮಸಿ ಡಬ್ಬಿಯ ತಳಕ್ಕಿಳಿದು ನಿಮ್ಮ ಬೂಚಿನ ಕೊಳವೆಗೆ ಬರುತ್ತದೆ. (‘ನಮ್ಮಪ್ಪನ ಯೆಜ್ಡಿಗೆ ಇದೆಲ್ಲ ಇದ್ದಿದ್ದಿಲ್ಲ’ ಎನ್ನುವವರಿಗೊಂದು ಮಾತು: ಮೈಸೂರಿನ ಯೆಜ್ಡಿಯಾಗಲಿ, ಆರ್‌ಎಕ್ಸ್ 100 ಆಗಲಿ ಟೂ ಸ್ಟ್ರೋಕ್. ಅದರಲ್ಲಿ ಕ್ರ್ಯಾಂಕ್‌ಕೇಸೇ ಪಂಪು, ಪೆಟ್ರೋಲು ಗಾಳಿ ಅದರ ಮೂಲಕವೇ ಮೇಲೆ ಹೋಗಬೇಕು. ಅಲ್ಲಿ ತೂತು ಇಟ್ಟರೆ ಗಾಡಿ ಸ್ಟಾರ್ಟೇ ಆಗದು.)

ಇನ್ನು ನೀರಿನ ಮಾತು. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ನಂಬಲು ಕಷ್ಟ, ಆದರೆ ಪೆಟ್ರೋಲಿನಲ್ಲಿರುವ ಹೈಡ್ರೋಜನ್ ಗಾಳಿಯ ಆಮ್ಲಜನಕದೊಡನೆ ಕೂಡಿದರೆ ಆಗುವುದು ನೀರೇ. ಚಳಿಗಾಲದ ಬೆಳಿಗ್ಗೆ ಸೈಲೆನ್ಸರ್ ತುದಿಯಿಂದ ಹನಿ ಬೀಳುವುದನ್ನು ನೀವೂ ನೋಡಿರುತ್ತೀರಿ. ಬಹುಪಾಲು ಆವಿಯಾಗಿ ಆ ದಾರಿಯಲ್ಲೇ ಹೋಗುತ್ತದೆ, ಸ್ವಲ್ಪ ರಿಂಗ್ ದಾಟಿ ಕೆಳಗಿಳಿಯುತ್ತದೆ. ಇಥೆನಾಲಿನ ಮೇಲೆ ತಪ್ಪು ಹೊರಿಸಿದವರಿಗೆ ಉತ್ತರವೂ ಇಲ್ಲೇ ಇದೆ: ಒಂದು ಲೀಟರ್ ಇಥೆನಾಲ್ ಉರಿದರೆ ಹುಟ್ಟುವ ನೀರು ಪೆಟ್ರೋಲಿನದಕ್ಕಿಂತ ತುಸು ಕಡಿಮೆಯೇ, ಸುಮಾರು 900 ಮಿ.ಲೀ. ಇಥೆನಾಲ್ ಟ್ಯಾಂಕಿನಲ್ಲಿ ತೇವ ಹೀರಿಕೊಳ್ಳುತ್ತದೆ ಎಂಬುದು ನಿಜ. ಅದು ಟ್ಯಾಂಕಿನ ಕಥೆ, ಈ ಕೊಳವೆಯದಲ್ಲ.

ನಿಮ್ಮ ಗಾಡಿಯ ಕಥೆ ನಿಮ್ಮ ತಿರುಗಾಟದಲ್ಲಿದೆ. ಹೊಲ ಎರಡೋ ಮೂರೋ ಕಿ.ಮೀ. ಇರಬೇಕು. ಎಂಜಿನ್ ಮುಟ್ಟಿದರೆ ಸುಡುವಷ್ಟಾಗುವ ಹೊತ್ತಿಗೆ ಹೊಲ ಬಂತು, ಗಾಡಿ ಬಂದ್. ಒಳಗಿನ ಎಣ್ಣೆ ಬಿಸಿಯೇರಲಿಲ್ಲ, ಆವಿ ಹೊರಗೆ ಹೋಗಲಿಲ್ಲ. ತಣ್ಣನೆಯ ಗೋಡೆಗೆ ಬೆವರಾಗಿ ಕೂತು ಎಣ್ಣೆಯಲ್ಲಿ ಕಡೆದು ಬೆಳ್ಳಗಾಯಿತು. ಅದೇ ಗಾಡಿ ವಾರಕ್ಕೊಮ್ಮೆ ಹುಬ್ಬಳ್ಳಿಗೆ ಹೋಗಿ ಬಂದರೆ ನೀರಿನಂಶ ಬಹುಪಾಲು ಹಾರಿಹೋಗುತ್ತದೆ. ಹುಬ್ಬಳ್ಳಿಯಲ್ಲಿ ಕೆಲಸವಿಲ್ಲದಿದ್ದರೆ ಅಣ್ಣಿಗೇರಿಗಾದರೂ ಒಂದು ಸುತ್ತು ಹಾಕಿ ಬನ್ನಿ.

ಬಸಿಯುವುದು ಎರಡು ನಿಮಿಷದ ಕೆಲಸ. ಎಂಜಿನ್ ತಣ್ಣಗಾಗಲಿ. ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ, ಕೊಳವೆಯನ್ನು ಕೈಯಲ್ಲಿ ಹಿಡಿದು ಮೇಲೆ ಎಲ್ಲಿಗೆ ಹೋಗುತ್ತದೆ ನೋಡಿ. ಫಿಲ್ಟರ್ ಡಬ್ಬಿಗೆ ಹೋದರೆ ಇದೇ ಅದು. ಯಾಕೆ ಹೇಳುತ್ತೇನೆಂದರೆ, ಗಾಡಿಯ ಕೆಳಗೆ ಕಾರ್ಬ್ಯುರೇಟರಿನ ಓವರ್‌ಫ್ಲೋ ಪೈಪು, ಕೆಲವಕ್ಕೆ ಬ್ಯಾಟರಿಯ ಪೈಪು ಕೂಡ ಜೋತಾಡುತ್ತಿರುತ್ತವೆ. ಅವುಗಳ ಬಾಯಿ ತೆರೆದೇ ಇರಬೇಕು; ‘ಬೂಚು ಬಿದ್ದಿದೆ’ ಎಂದು ಅವಕ್ಕೂ ಮುಚ್ಚಳ ಹಾಕಿದವರಿದ್ದಾರೆ. ಪಕ್ಕಡದಲ್ಲಿ ಕ್ಲಿಪ್ ಹಿಚುಕಿ ಮೇಲೆ ಸರಿಸಿ, ಕೆಳಗೊಂದು ತೆಂಗಿನ ಕರಟ ಇಟ್ಟು ಬೂಚು ತಿರುಚಿ ಎಳೆಯಿರಿ. ಪಚ್ ಎಂದು ಬೀಳುತ್ತದೆ. ಕೊಳವೆಯನ್ನು ಮೇಲಿನಿಂದ ಕೆಳಗೆ, ಹಸುವಿನ ಮೊಲೆ ಹಿಂಡಿದ ಹಾಗೆ, ಹಿಂಡಿಕೊಂಡು ಬನ್ನಿ. ಗಟ್ಟಿಯಾಗಿದ್ದರೆ ತಂತಿ ತೂರಿಸಬೇಡಿ. ಕೊಳವೆ ಬಿಚ್ಚಿ ಸೋಪಿನ ಬಿಸಿನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಬಸಿದಿದ್ದನ್ನು ಹಳ್ಳಕ್ಕೋ ಬದುವಿಗೋ ಚೆಲ್ಲದೆ ಹಳೇ ಎಣ್ಣೆಯ ಡಬ್ಬಿಗೆ ಸುರಿಯಿರಿ.

ಬೂಚನ್ನು ಮರೆಯದೆ ಹಾಕಬೇಕು, ಇದು ನವಲಗುಂದದವರಿಗೆ ಎರಡು ಸಲ ಹೇಳುವ ಮಾತು. ಕಲಘಟಗಿ ಕಡೆಯವರಿಗೆ ಮಳೆಯ ಕಾಟ, ಅವರ ಕೊಳವೆ ಬೇಗ ತುಂಬುತ್ತದೆ. ನಿಮ್ಮದು ಧೂಳಿನ ಸೀಮೆ. ಕಡಲೆ ರಾಶಿಯ ಹೊತ್ತಿನಲ್ಲಿ ಎರಿಭೂಮಿಯ ಹುಡಿ ಗೋಧಿ ಹಿಟ್ಟಿಗಿಂತ ನುಣ್ಣಗಿರುತ್ತದೆ. ಕೆಲವು ಗಾಡಿಗಳಲ್ಲಿ ಈ ಕೊಳವೆ ಡಬ್ಬಿಯೊಳಗೆ ಫಿಲ್ಟರ್ ದಾಟಿದ ಜಾಗಕ್ಕೆ ಸೇರಿರುತ್ತದೆ. ಬೂಚಿಲ್ಲದಿದ್ದರೆ ಎಂಜಿನ್ ಆ ಹುಡಿಯನ್ನು ಸೋಸದೆಯೇ ಎಳೆದುಕೊಳ್ಳುತ್ತದೆ, ಎಣ್ಣೆಯೊಡನೆ ಕೂಡಿ ಅದು ಸಿಲಿಂಡರನ್ನು ಉಜ್ಜುವ ಪೇಸ್ಟ್ ಆಗುತ್ತದೆ. ಆಗ ನಿಮ್ಮ ಮೆಕ್ಯಾನಿಕ್ ಹೇಳಿದ ರಿಂಗಿನ ಭವಿಷ್ಯ ಖರೆಯಾಗುತ್ತದೆ.

ಬಣ್ಣ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಹಾಲು ಚಹಾದಂತಿದ್ದರೆ ಹೆದರಬೇಡಿ. ಬರೀ ನೀರಿದ್ದರೆ ಗಾಡಿ ತೊಳೆಯುವಾಗ ಸೀಟಿನ ಕೆಳಗೆ ಪೈಪ್ ಹಿಡಿದಿದ್ದೀರಿ. ಪೆಟ್ರೋಲ್ ವಾಸನೆ ಹೊಡೆದರೆ ಕಾರ್ಬ್ಯುರೇಟರ್ ತೋರಿಸಿ. ಕಪ್ಪೆಣ್ಣೆಯೇ ತುಂಬಿಕೊಂಡರೆ ಮೊದಲು ಎಣ್ಣೆಯ ಮಟ್ಟ ನೋಡಿ. ಈ ಗಾಡಿಗಳಿಗೆಂದು ಅಂಗಡಿಯಲ್ಲಿ 900 ಮಿ.ಲೀ. ಬಾಟಲಿ ಮಾರುವುದು ಸುಮ್ಮನಲ್ಲ. ಲೀಟರ್ ಡಬ್ಬಿ ತಂದು ‘ಉಳಿಸೋದ್ಯಾಕ’ ಎಂದು ಪೂರ್ತಿ ಸುರಿದರೆ ಹೆಚ್ಚಾದದ್ದು ಬ್ರೀದರಿನಿಂದಲೇ ಹೊರಬರುತ್ತದೆ. ಬೆಣ್ಣೆಹಳ್ಳದ ನೀರು ಗಾಡಿಯ ಸೀಟಿನವರೆಗೆ ಬಂದಿದ್ದರೆ ಮಾತು ಬೇರೆ: ಕಿಕ್ ಹೊಡೆಯಲೇಬೇಡಿ. ಮೊದಲು ಈ ಬೂಚು ತೆಗೆಯಿರಿ, ಡಬ್ಬಿ ತೆರೆದು ಒರೆಸಿ, ಎಂಜಿನ್ ಎಣ್ಣೆ ಬಿಳಿಯಾಗಿದ್ದರೆ ಬದಲಿಸಿ, ಆಮೇಲೆ ಸ್ಟಾರ್ಟಿನ ಮಾತು.

ರಿಂಗಿನ ಅನುಮಾನ ಇನ್ನೂ ಉಳಿದಿದ್ದರೆ ಸೈಲೆನ್ಸರ್ ನೋಡಿ. ಬಿಸಿಯಾದ ಎಂಜಿನ್ನಿಗೆ ರೇಸ್ ಕೊಟ್ಟಾಗ ನೀಲಿ ಹೊಗೆ ಬರುತ್ತಿದೆಯೇ, ಎಣ್ಣೆಯ ಮಟ್ಟ ತಿಂಗಳಲ್ಲೇ ಇಳಿಯುತ್ತಿದೆಯೇ, ಏರಿನಲ್ಲಿ ಮೊದಲಿನ ಎಳೆತ ಇಲ್ಲವೇ? ಮೂರಕ್ಕೂ ಹೌದಾದರೆ, ಬಿಚ್ಚುವ ಮೊದಲು ಕಂಪ್ರೆಷನ್ ಅಳೆಯಿರಿ ಎಂದು ಕೇಳಿ. ನಿಮ್ಮ ಪತ್ರದಲ್ಲಿ ಹೊಗೆಯ ಸುದ್ದಿಯೇ ಇಲ್ಲ. ಹಾಗಾಗಿ ಸದ್ಯಕ್ಕೆ ಕೊಳವೆ ಬಸಿಯಿರಿ, ಎಣ್ಣೆಯ ಕಡ್ಡಿ ಎತ್ತಿ ನೋಡಿ. ಅದರ ತುದಿಯೂ ಬೆಳ್ಳಗಿದ್ದರೆ ಎಣ್ಣೆ ಬದಲಿಸಿ. ಬೂಚು ಸಡಿಲಾಗಿದ್ದರೆ ಹಳೆಯದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಅದೇ ಅಳತೆಯ ಹೊಸದನ್ನು ತನ್ನಿ.