ರಸ ಹರಿಯುತ್ತದೆ, ಕ್ರಿಯಾವರ್ಧಕ ನಿಲ್ಲುತ್ತದೆ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ಮಿಲ್ ನಿಲ್ಲಬಾರದು. ಹಿಂಡಿದ ರಸ ಬಿಸಿಯಾಗಿ, ಸುಣ್ಣ ಮತ್ತು ಗಂಧಕದ ಅನಿಲ ಕುಡಿದು, ತಿಳಿಯಾಗಿ, ಗಟ್ಟಿಯಾಗಿ, ಪ್ಯಾನಿನಲ್ಲಿ ಹರಳುಗಟ್ಟುವವರೆಗೆ ಹರಿಯುತ್ತಲೇ ಇರಬೇಕು. ಈ ಭಾಗದ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಕೆಮಿಸ್ಟನಾಗಿದ್ದು, ಆಮೇಲೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವನು ನಾನು. ಈಗ ಔಷಧ ಕಂಪನಿಗಳ ಸಂಶೋಧಕರು ‘ಫ್ಲೋ ಕೆಮಿಸ್ಟ್ರಿ’ ಎಂದು ಉತ್ಸಾಹದಿಂದ ಮಾತನಾಡುವುದನ್ನು ಕೇಳಿದಾಗಲೆಲ್ಲ ನನಗನ್ನಿಸುವುದು, ಆ ವಿದ್ಯೆಯ ಮುಖ್ಯ ಪಾಠಗಳೆಲ್ಲ ನಮ್ಮ ಊರಿನ ಕಬ್ಬಿನ ರಸದಲ್ಲೇ ಇವೆ ಎಂದು. ಅವುಗಳಲ್ಲಿ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ವಿಷಯ ಸರಳ. ಫ್ಲಾಸ್ಕಿನಲ್ಲಿ ಮಾಡುವ ಪ್ರಯೋಗದಲ್ಲಿ ಎಲ್ಲವನ್ನೂ ಒಟ್ಟಿಗೆ ಹಾಕಿ, ಕಲಕಿ, ಗಡಿಯಾರ ನೋಡುತ್ತ ಕೂರುತ್ತೇವೆ. ಹರಿವಿನ ವಿಧಾನದಲ್ಲಿ ಪಂಪು ದ್ರಾವಣವನ್ನು ಒಂದು ಕೊಳವೆಯೊಳಗೆ ನೂಕುತ್ತದೆ. ಕೊಳವೆಯೊಳಗೆ ಕ್ರಿಯಾವರ್ಧಕದ ಹರಳುಗಳು ತುಂಬಿರುತ್ತವೆ. ದ್ರಾವಣ ಅವುಗಳನ್ನು ಮುಟ್ಟಿಕೊಂಡು ಹೋಗುತ್ತದೆ, ಹೊರಬರುವಾಗ ಬದಲಾಗಿರುತ್ತದೆ, ಕ್ರಿಯಾವರ್ಧಕ ಅಲ್ಲೇ ಉಳಿಯುತ್ತದೆ. ಸೋಸಿ ಬೇರ್ಪಡಿಸುವ ಕೆಲಸ ತಪ್ಪುತ್ತದೆ. ಆದರೆ ಗಡಿಯಾರದ ಕೆಲಸವನ್ನು ಈಗ ಕೊಳವೆಯ ಉದ್ದ ಮತ್ತು ಪಂಪಿನ ವೇಗ ಮಾಡುತ್ತವೆ. ಪ್ರತಿ ಹನಿಯೂ ಒಳಗೆ ಎಷ್ಟು ಹೊತ್ತು ತಂಗಿತು ಎಂಬುದೇ ಇಲ್ಲಿ ಎಲ್ಲವನ್ನೂ ತೀರ್ಮಾನಿಸುತ್ತದೆ.

ಈ ಪಾಠವನ್ನು ನಾನು ಮೊದಲು ಕಲಿತದ್ದು ಯಾರೂ ಬೇಕೆಂದು ಹಾಕದ ಒಂದು ಕ್ರಿಯಾವರ್ಧಕದಿಂದ. ಕಬ್ಬಿನ ಸಕ್ಕರೆ, ಅಂದರೆ ಸುಕ್ರೋಸ್, ನೀರಿನೊಡನೆ ಸೇರಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ತಾನಾಗಿಯೇ ಬಿಟ್ಟರೆ ಬಹಳ ನಿಧಾನ, ಆಮ್ಲವಿದ್ದರೆ ಬೇಗ. ಹಿಂಡಿದ ಕಬ್ಬಿನ ರಸವೇ ಹುಳಿ, ಅದರ ಪಿಎಚ್ ಸುಮಾರು 5.2ರಿಂದ 5.5. ಪಿಎಚ್ ಒಂದು ಅಂಕ ಇಳಿದರೆ ಒಡೆಯುವ ವೇಗ ಹತ್ತು ಪಟ್ಟಾಗುತ್ತದೆ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಸುಮಾರು ಮೂರು ಪಟ್ಟು. ರಸವನ್ನು ನೂರು ಡಿಗ್ರಿಯ ಆಚೆಗೆ ಕಾಯಿಸಲೇಬೇಕಾದ ಕಾರ್ಖಾನೆಯಲ್ಲಿ ಈ ಎರಡು ಸಂಖ್ಯೆಗಳನ್ನು ಮರೆತು ಕೆಲಸ ಮಾಡಲು ಆಗುವುದಿಲ್ಲ. ಸುಣ್ಣದ ಹಾಲು ಹಾಕಿ ಪಿಎಚ್ ಅನ್ನು ಏಳರ ಆಸುಪಾಸಿಗೆ ತರುವುದು ಕೊಳೆ ತೆಗೆಯಲಿಕ್ಕೆ ಮಾತ್ರವಲ್ಲ, ಈ ಒಡೆಯುವಿಕೆಯನ್ನು ಹಿಡಿದಿಡಲಿಕ್ಕೂ ಹೌದು.

ಹಳೆಯ ಮಾದರಿಯ ಕ್ಲಾರಿಫೈಯರಿನಲ್ಲಿ, ಅಂದರೆ ಕೊಳೆ ತಳಕ್ಕಿಳಿದು ರಸ ತಿಳಿಯಾಗುವ ತೊಟ್ಟಿಯಲ್ಲಿ, ರಸ ಎರಡು ಮೂರು ಗಂಟೆ ತಂಗುತ್ತದೆ. ಮಿಲ್ಲು ಕೆಟ್ಟು ನಿಂತರೆ ಆ ಎರಡು ಮೂರು ಗಂಟೆ ಎಷ್ಟಾಗುತ್ತದೋ ಹೇಳಲಾಗದು. ಅಂಥದ್ದೊಂದು ರಾತ್ರಿ ಪಾಳಿಯಲ್ಲಿ ಹಿರಿಯ ಕೆಮಿಸ್ಟರೊಬ್ಬರು ನನ್ನನ್ನು ಕುರ್ಚಿಯಿಂದ ಎಬ್ಬಿಸಿದರು: “ತಮ್ಮಾ, ಮಿಲ್ ನಿಂತೈತಿ ಅಂತ ನೀ ಕುಂದರಬ್ಯಾಡ. ರಸ ನಿಂತರೂ ಅದರೊಳಗಿನ ಕೆಲಸ ನಿಂತಿರೂದಿಲ್ಲ. ಪಿಎಚ್ ನೋಡು, ಪೋಲ್ ನೋಡು.” ನೋಡಿದಂತೆ ಪಿಎಚ್ ಮೆಲ್ಲಗೆ ಇಳಿಯುತ್ತಿತ್ತು, ಪೋಲ್ ಕೂಡ, ಅಂದರೆ ಪೋಲಾರಿಮೀಟರ್ ತೋರಿಸುವ ಸಕ್ಕರೆಯ ಅಂಶ. ಸಕ್ಕರೆ ಯಾವ ಸೋರಿಕೆಯೂ ಇಲ್ಲದೆ ಟ್ಯಾಂಕಿನೊಳಗೇ ಕಳೆದುಹೋಗುತ್ತಿತ್ತು. ಹರಿವಿನ ಕ್ರಿಯೆಯಲ್ಲಿ ಅತಿ ಅಪಾಯದ ಹೊತ್ತೆಂದರೆ ಹರಿವು ನಿಂತ ಹೊತ್ತು. ಈಗಲೂ ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳುವುದು ಇದನ್ನೇ. ಪಂಪು ನಿಂತಾಗ ಕೊಳವೆಯೊಳಗಿನದು ಏನಾಗುತ್ತದೆ ಎಂದು ಪಂಪು ಚಾಲು ಮಾಡುವ ಮೊದಲೇ ಯೋಚಿಸಿರಬೇಕು.

ಬೆಲ್ಲ ಮಾಡುವ ಗಾಣದ ಮನೆಯವರಿಗೂ ಈ ಮಾತು ಗೊತ್ತು, ಬೇರೆ ಹೆಸರಿನಲ್ಲಿ. ಕಡಿದು ಬಹಳ ದಿನ ಬಿದ್ದ ಕಬ್ಬಿನ ಬೆಲ್ಲ ಅಚ್ಚಿನಲ್ಲಿ ಗಟ್ಟಿಯಾಗಿ ಕೂರುವುದಿಲ್ಲ, ಮಳೆಗಾಲಕ್ಕೆ ಬೇಗ ನೀರೊಡೆಯುತ್ತದೆ. ಒಣಗಿದ ಕಬ್ಬಿನೊಳಗಿನ ಇನ್ವರ್ಟೇಸ್ ಎಂಬ ಕಿಣ್ವ ಗಾಣಕ್ಕೆ ಬರುವ ಮೊದಲೇ ಸಕ್ಕರೆಯನ್ನು ಒಡೆದಿರುತ್ತದೆ. ಗೋಕಾಕದಲ್ಲಿ ಕರದಂಟು ಮಾಡುವವರು ಬೆಲ್ಲವನ್ನು ಕೈಯಲ್ಲಿ ಹಿಡಿದು, ಮುರಿದು ನೋಡಿ ಕೊಳ್ಳುವುದು ಸುಮ್ಮನೆ ಅಲ್ಲ.

ಇನ್ನೊಂದು ಕರೆಯದ ಕ್ರಿಯಾವರ್ಧಕ ಗಂಧಕದ ಒಲೆಯ ಹತ್ತಿರ ಸಿಗುತ್ತದೆ. ಗಂಧಕ ಸುಟ್ಟರೆ ಸಲ್ಫರ್ ಡೈಆಕ್ಸೈಡ್ ಬರುತ್ತದೆ, ರಸಕ್ಕೆ ಬೇಕಾದದ್ದು ಅದೇ. ಆದರೆ ಬಿಸಿ ಅನಿಲ ತುಕ್ಕು ಹಿಡಿದ ಕಬ್ಬಿಣದ ಮೇಲೆ ಹಾದರೆ ಆ ತುಕ್ಕೇ ಕ್ರಿಯಾವರ್ಧಕವಾಗಿ ಸ್ವಲ್ಪ ಭಾಗವನ್ನು ಸಲ್ಫರ್ ಟ್ರೈಆಕ್ಸೈಡ್ ಮಾಡುತ್ತದೆ. ಅದು ತೇವ ಸಿಕ್ಕಲ್ಲಿ ಗಂಧಕಾಮ್ಲವಾಗಿ ಪೈಪು ತಿನ್ನುತ್ತದೆ, ಸುಣ್ಣದೊಡನೆ ಸೇರಿ ಇವಾಪೊರೇಟರ್ ಕೊಳವೆಗಳಲ್ಲಿ ಕ್ಯಾಲ್ಸಿಯಂ ಸಲ್ಫೇಟಿನ ಗಟ್ಟಿ ಪದರ ಕಟ್ಟುತ್ತದೆ. ಆದ್ದರಿಂದಲೇ ಒಲೆಯಿಂದ ಹೊರಟ ಅನಿಲವನ್ನು ಬೇಗ ತಣಿಸುತ್ತಾರೆ, ಒಳಹೋಗುವ ಗಾಳಿಯನ್ನು ಒಣಗಿಸುತ್ತಾರೆ. ಕೊಳವೆಯ ಗೋಡೆಯೂ ಕ್ರಿಯೆಯಲ್ಲಿ ಪಾಲುಗಾರ ಎಂಬುದನ್ನು ಪ್ರಯೋಗಾಲಯದ ಸಣ್ಣ ಸ್ಟೀಲ್ ಟ್ಯೂಬಿನೊಡನೆ ಕೆಲಸ ಮಾಡುವವರು ನೆನಪಿಡಬೇಕು. ಟ್ಯೂಬು ಸಣ್ಣದಾದಷ್ಟೂ ಪ್ರತಿ ಹನಿಗೆ ಸಿಗುವ ಗೋಡೆ ಹೆಚ್ಚು.

ಬೇಕೆಂದೇ ಸಕ್ಕರೆ ಒಡೆಯುವ ಕೆಲಸಕ್ಕೆ ಕೈ ಹಾಕಿದ್ದು ಕಾಲೇಜಿಗೆ ಬಂದ ಮೇಲೆ. ಬೇಕರಿ, ಶರಬತ್ತುಗಳಿಗೆ ಬೇಕಾಗುವ ಇನ್ವರ್ಟ್ ಸಿರಪ್ ಹೀಗೇ ತಯಾರಾಗುತ್ತದೆ. ಆಮ್ಲ ಸುರಿದು ಆಮೇಲೆ ಅದನ್ನು ತಟಸ್ಥ ಮಾಡುವುದು ಹಳೆಯ ದಾರಿ. ಇನ್ನೊಂದು ದಾರಿಯಲ್ಲಿ ಆಮ್ಲದ ಗುಂಪುಗಳನ್ನು ಮೈಗಂಟಿಸಿಕೊಂಡ ಪ್ಲಾಸ್ಟಿಕ್ ಮಣಿಗಳನ್ನು, ಅಂದರೆ ಕ್ಯಾಟಯಾನ್ ರೆಸಿನ್ ಅನ್ನು, ಕಾಲಂನಲ್ಲಿ ತುಂಬಿ ಸಕ್ಕರೆ ದ್ರಾವಣ ಹರಿಸುತ್ತಾರೆ. ನೀರಿನ ಫಿಲ್ಟರಿನಲ್ಲಿ ಗಡಸುತನ ತೆಗೆಯುವ ರೆಸಿನ್‌ನ ಜಾತಿಯೇ ಇದು. ನೀರಿನ ಕೋಟು ಸುತ್ತಿದ ಗಾಜಿನ ಕಾಲಂ, ಸಣ್ಣ ಪಂಪು, ಪೋಲಾರಿಮೀಟರ್, ಇಷ್ಟು ಸಾಕು. 100 ಮಿಲಿ ಲೀಟರ್ ಮಣಿಗಳ ಹಾಸಿಗೆಯಲ್ಲಿ ಅವುಗಳ ನಡುವಿನ ಖಾಲಿ ಜಾಗ ಸುಮಾರು 40 ಮಿಲಿ ಲೀಟರ್. ನಿಮಿಷಕ್ಕೆ 4 ಮಿಲಿ ಲೀಟರ್ ಹರಿಸಿದರೆ ಹನಿಯೊಂದು ಸುಮಾರು 10 ನಿಮಿಷ ಒಳಗಿರುತ್ತದೆ. ಆ 10 ನಿಮಿಷದಲ್ಲಿ ನೂರಕ್ಕೆ 90 ಭಾಗ ಸಕ್ಕರೆ ಒಡೆದರೆ, ಹರಿವು ಇಮ್ಮಡಿ ಮಾಡಿದಾಗ ಒಡೆಯುವುದು 45 ಅಲ್ಲ, ಸುಮಾರು 68. ಅರ್ಧ ಮಾಡಿದರೆ 99. ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದಾಗ ತಲೆಯಾಡಿಸುವ ಹುಡುಗರು, ಕಾಲಂನ ಕೆಳಗೆ ಅದೇ ಅಂಕಿ ಬಂದಾಗ ಕುಣಿಯುವುದನ್ನು ನೋಡಿದ್ದೇನೆ.

ಆದರೆ ಅಂಕಿ ಬರುವುದು ಹಾಸಿಗೆ ಸರಿಯಾಗಿ ಕೂತಾಗ ಮಾತ್ರ. ಒಂದು ಸಲ ಒಬ್ಬ ವಿದ್ಯಾರ್ಥಿನಿ ಬಂದು, “ಸರ, ಪಂಪಿನ ಸ್ಪೀಡ್ ಕಡಿಮಿ ಮಾಡಿದ್ರೂ ರೀಡಿಂಗ್ ಸುಧಾರಿಸವಲ್ದು” ಎಂದಳು. ತಂಗುವ ಹೊತ್ತು ಹೆಚ್ಚಿಸಿದರೂ ಫಲ ಹೆಚ್ಚದಿದ್ದರೆ, ದ್ರಾವಣ ಮಣಿಗಳನ್ನು ಮುಟ್ಟದೆ ಎಲ್ಲೋ ಒಂದು ಸಂದಿಯಲ್ಲಿ ನುಸುಳುತ್ತಿದೆ ಎಂದೇ ಅರ್ಥ. ಘಟಪ್ರಭಾ ಎಡದಂಡೆ ಕಾಲುವೆಯ ನೀರು ಬಿಟ್ಟಾಗ ಹೊಲದಲ್ಲಿ ಇಲಿಯ ಬಿಲವೊಂದಿದ್ದರೆ ಸಾಕು, ನೀರೆಲ್ಲ ಅದರಲ್ಲಿ ಇಳಿದು ಸಾಲಿನ ತುದಿಯ ಕಬ್ಬು ಒಣಗಿಯೇ ಇರುತ್ತದೆ. ಕಾಲಂನಲ್ಲೂ ಹಾಗೆಯೇ. ನಮ್ಮ ಕಾಲಂನ ಬಿಲಕ್ಕೆ ಕಾರಣ ಗಾಳಿಯ ಗುಳ್ಳೆ. ತಣ್ಣನೆಯ ದ್ರಾವಣ ಬಿಸಿ ಹಾಸಿಗೆಗೆ ಬಂದಾಗ ಅದರಲ್ಲಿ ಕರಗಿದ್ದ ಗಾಳಿ ಹೊರಬಿದ್ದು ಮಣಿಗಳ ನಡುವೆ ಸಿಕ್ಕಿಕೊಳ್ಳುತ್ತದೆ. ದ್ರಾವಣವನ್ನು ಹೊರಗೇ ಕಾಯಿಸಿ, ಗಾಳಿ ಬಿಡಿಸಿ, ಆಮೇಲೆ ಒಳಗೆ ಬಿಟ್ಟರೆ ಈ ಕಾಟವಿಲ್ಲ.

ಗಟ್ಟಿ ಸಿರಪ್ ಬಳಸುವವರು ಇನ್ನೊಂದನ್ನು ಮೊದಲೇ ತಿಳಿದಿರಬೇಕು. ನೆನೆದ ರೆಸಿನ್ ಮಣಿಯ ಸಾಂದ್ರತೆ ಸುಮಾರು 1.2. ಅರವತ್ತು ಬ್ರಿಕ್ಸ್, ಅಂದರೆ ತೂಕದಲ್ಲಿ ನೂರಕ್ಕೆ ಅರವತ್ತು ಭಾಗ ಸಕ್ಕರೆ ಇರುವ, ಸಿರಪ್ಪಿನ ಸಾಂದ್ರತೆ ಅದಕ್ಕಿಂತ ಹೆಚ್ಚು. ನೀರಿನಲ್ಲಿ ತಳಕ್ಕೆ ಕೂತ ಮಣಿಗಳು ಸಿರಪ್ಪಿನಲ್ಲಿ ತೇಲುತ್ತವೆ! ಹಾಸಿಗೆ ಕದಡಿ ಮೇಲಕ್ಕೆದ್ದು ಲೆಕ್ಕವೆಲ್ಲ ಕೆಡುತ್ತದೆ. ಮಣಿಗಳ ಮೇಲೂ ಒಂದು ಜಾಲರಿ ಕೂರಿಸಲೇಬೇಕು. ಹಾಗೆಂದು ಬಿಗಿದು ತುಂಬಲೂ ಬಾರದು, ರೆಸಿನ್ ದ್ರಾವಣಕ್ಕೆ ತಕ್ಕಂತೆ ಉಬ್ಬುತ್ತದೆ, ಕುಗ್ಗುತ್ತದೆ.

ಕ್ರಿಯಾವರ್ಧಕ ಖರ್ಚಾಗುವುದಿಲ್ಲ ಎಂದು ಪಠ್ಯಪುಸ್ತಕ ಹೇಳುತ್ತದೆ. ಖರ್ಚಾಗುವುದಿಲ್ಲ, ನಿಜ, ಆದರೆ ಸಾಯುತ್ತದೆ. ಶುದ್ಧ ಸಕ್ಕರೆಯ ದ್ರಾವಣ ಹರಿಸಿದಷ್ಟು ದಿನ ನಮ್ಮ ರೆಸಿನ್ ಚೆನ್ನಾಗಿ ನಡೆಯಿತು. ಕಬ್ಬಿನ ರಸವನ್ನೇ ನೇರವಾಗಿ ಹರಿಸಿದಾಗ ಕತೆ ಬೇರೆಯಾಯಿತು. ರಸದಲ್ಲಿರುವ ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳು ರೆಸಿನ್ ಮೇಲೆ ಕೂತು ಹೈಡ್ರೋಜನ್ ಅಯಾನುಗಳನ್ನು ಹೊರದೂಡುತ್ತವೆ. ಮೊದಲು ಹೊರಬರುವ ದ್ರವ ಹುಳಿಯಾಗುತ್ತದೆ, ಅಂದರೆ ಕ್ರಿಯಾವರ್ಧಕವೇ ಕೊಳವೆ ಬಿಟ್ಟು ಹೊರಟಿದೆ, ಪಾತ್ರೆಯಲ್ಲಿ ಬಿದ್ದ ಮೇಲೂ ಸಕ್ಕರೆ ಒಡೆಯುತ್ತಲೇ ಇರುತ್ತದೆ. ಸ್ವಲ್ಪ ಹೊತ್ತಿಗೆ ಹುಳಿ ನಿಲ್ಲುತ್ತದೆ, ಕ್ರಿಯೆಯೂ ನಿಲ್ಲುತ್ತದೆ. ಆದ್ದರಿಂದ ಕಾಲಂನಿಂದ ಹೊರಬರುವ ದ್ರವದ ಪಿಎಚ್ ನೋಡುವುದನ್ನು ನಾನು ಪೋಲಾರಿಮೀಟರಿಗಿಂತ ಮುಂದೆ ಇಡುತ್ತೇನೆ. ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಿಂದ ತೊಳೆದರೆ ರೆಸಿನ್‌ಗೆ ಮತ್ತೆ ಜೀವ ಬರುತ್ತದೆ. ಆದರೆ ಆ ಆಮ್ಲದ ನೀರನ್ನು ಎಲ್ಲಿ ಚೆಲ್ಲುವುದು? ಹಿರಣ್ಯಕೇಶಿಯೂ ಘಟಪ್ರಭೆಯೂ ಹರಿಯುವ ಸೀಮೆಯಲ್ಲಿ ಕೂತು ಇದನ್ನು ಕೇಳಿಕೊಳ್ಳದೆ ಹಸಿರು ರಸಾಯನದ ಮಾತಾಡುವುದು ತಪ್ಪು. ಲವಣಗಳನ್ನು ಮೊದಲೇ ತೆಗೆದ ಶುದ್ಧ ದ್ರಾವಣವನ್ನು ಕೊಟ್ಟು ರೆಸಿನ್ ಬಾಳಿಕೆ ಹೆಚ್ಚಿಸುವುದೇ ಸರಿಯಾದ ದಾರಿ.

ಅಳತೆಯಲ್ಲೂ ಒಂದು ಸೂಕ್ಷ್ಮವಿದೆ. ಸಕ್ಕರೆ ಒಡೆಯುವ ವೇಗವನ್ನು ಪೋಲಾರಿಮೀಟರಿನಿಂದ ಅಳೆದು 1850ರಲ್ಲಿ ಪ್ರಕಟಿಸಿದವರು ಜರ್ಮನಿಯ ಲುಡ್ವಿಗ್ ವಿಲ್ಹೆಲ್ಮಿ. ರಾಸಾಯನಿಕ ಕ್ರಿಯೆಯ ವೇಗಕ್ಕೆ ಗಣಿತದ ಸೂತ್ರ ಕೊಟ್ಟ ಮೊದಲ ಕೆಲಸವೆಂದು ಅದನ್ನು ಗೌರವಿಸುತ್ತಾರೆ. ಸುಕ್ರೋಸ್ ಧ್ರುವೀಕೃತ ಬೆಳಕಿನ ತಲವನ್ನು ಬಲಕ್ಕೆ ತಿರುಗಿಸುತ್ತದೆ, ಒಡೆದ ಮಿಶ್ರಣ ಎಡಕ್ಕೆ. ಆದರೆ ಹೊಸದಾಗಿ ಹುಟ್ಟಿದ ಗ್ಲೂಕೋಸ್ ದ್ರಾವಣದಲ್ಲಿ ತನ್ನ ರೂಪ ಬದಲಿಸಿಕೊಳ್ಳುತ್ತ ಸ್ವಲ್ಪ ಹೊತ್ತು ರೀಡಿಂಗನ್ನು ಜಾರಿಸುತ್ತದೆ. 1913ರಲ್ಲಿ ಮೈಕೇಲಿಸ್ ಮತ್ತು ಮೌಡ್ ಮೆಂಟೆನ್ ಇನ್ವರ್ಟೇಸ್ ಅಧ್ಯಯನದಲ್ಲಿ ಕ್ಷಾರ ಸೇರಿಸಿ ಈ ತೊಡಕನ್ನು ನೀಗಿಸಿದರು. ನಾವೂ ಪ್ರತಿ ಮಾದರಿಗೆ ಹಾಗೆಯೇ ಮಾಡಿ, ಕಾಯ್ದು, ಆಮೇಲೆ ಓದುತ್ತೇವೆ. ಪಂಪಿನ ವೇಗ ಬದಲಿಸಿದ ಮೇಲೆ ಕನಿಷ್ಠ ಮೂರು ಹಾಸಿಗೆಯಷ್ಟು ದ್ರಾವಣ ಹೊರಗೆ ಹೋಗುವವರೆಗೆ ಮಾದರಿ ತೆಗೆಯುವುದಿಲ್ಲ. ಅದಕ್ಕೂ ಮೊದಲು ಬರುವುದು ಹಳೆಯ ವೇಗದ ಫಲ.

ಉಷ್ಣತೆಯನ್ನು ಹತ್ತು ಡಿಗ್ರಿ ಏರಿಸಿದಾಗ ವೇಗ ಮೂರು ಪಟ್ಟಾಗಬೇಕಲ್ಲ, ಕಾಲಂನಲ್ಲಿ ಕೆಲವೊಮ್ಮೆ ಎರಡು ಪಟ್ಟೂ ಆಗುವುದಿಲ್ಲ. ಆಗ ತಡೆ ಇರುವುದು ಕ್ರಿಯೆಯಲ್ಲಲ್ಲ, ಸಕ್ಕರೆ ಮಣಿಯ ಒಳಕ್ಕೆ ತಲುಪುವುದರಲ್ಲಿ. ದೊಡ್ಡ ಮಣಿಯ ಒಳಗಿನ ಆಮ್ಲಕ್ಕೆ ಕೆಲಸವೇ ಸಿಗುವುದಿಲ್ಲ. ಸಣ್ಣ ಮಣಿ ಹಾಕಿದರೆ ಅದು ಸರಿಹೋಗುತ್ತದೆ, ಆದರೆ ಗಟ್ಟಿ ಸಿರಪ್ ನೂಕಲು ಪಂಪು ಏದುಸಿರು ಬಿಡುತ್ತದೆ. ಬಿಸಿಯನ್ನೇ ನಂಬಿ ಏರಿಸುತ್ತ ಹೋದರೆ ಸಿರಪ್ ಹಳದಿಯಾಗುತ್ತದೆ. ನನ್ನ ಮಟ್ಟಿಗೆ 50 ಡಿಗ್ರಿಯ ಆಸುಪಾಸು, ಮಧ್ಯಮ ಮಣಿ, ನಿಧಾನ ಹರಿವು, ಇದೇ ಒಳ್ಳೆಯದು.

ಇದೆಲ್ಲ ಸಕ್ಕರೆಗೆ ಸೀಮಿತವಲ್ಲ. ಗ್ಲೂಕೋಸನ್ನು ಫ್ರಕ್ಟೋಸ್ ಮಾಡುವ ಕಿಣ್ವವನ್ನು ಹರಳುಗಳ ಮೇಲೆ ಕೂರಿಸಿ, ಕಾಲಂನಲ್ಲಿ ತುಂಬಿ ದ್ರಾವಣ ಹರಿಸುವ ಉದ್ಯಮ ಅಮೆರಿಕದಲ್ಲಿ 1960ರ ದಶಕದ ಕೊನೆಯಿಂದ ಬೆಳೆಯಿತು. ಕಾಕಂಬಿಯ ಮದ್ಯಸಾರವನ್ನು ಬಿಸಿ ಅಲ್ಯೂಮಿನಾದ ಮೇಲೆ ಹಾಯಿಸಿದರೆ ನೀರು ಕಳೆದು ಎಥಿಲೀನ್ ಆಗುತ್ತದೆ. ಗೋಕಾಕದ ಬಸ್‌ಸ್ಟ್ಯಾಂಡಿನ ಮುಂದೆ ನಿಂತ ಹೊಸ ಬೈಕುಗಳ ಸೈಲೆನ್ಸರಿನೊಳಗಿನ ಜೇನುಗೂಡಿನಂಥ ಹಾಸಿಗೆಯಲ್ಲೂ ಹೊಗೆ ಹರಿಯುತ್ತದೆ, ಪ್ಲಾಟಿನಂ ಜಾತಿಯ ಲೋಹ ನಿಂತೇ ಕೆಲಸ ಮಾಡುತ್ತದೆ.

ಎಲ್ಲ ಕ್ರಿಯೆಯನ್ನೂ ಕೊಳವೆಗೆ ಹಾಕಬೇಕೆಂದು ನಾನು ಹೇಳುವುದಿಲ್ಲ. ನಡುವೆ ಗಷ್ಟು ಕಟ್ಟುವ ಕ್ರಿಯೆಗೆ, ದಿನಕ್ಕೊಂದು ಬೇರೆ ವಸ್ತು ಮಾಡುವ ಸಣ್ಣ ಘಟಕಕ್ಕೆ ಪಾತ್ರೆಯೇ ಸರಿ. ಒಂದೇ ವಸ್ತುವನ್ನು ದಿನವಿಡೀ ಮಾಡಬೇಕಾದಲ್ಲಿ, ಕ್ರಿಯಾವರ್ಧಕ ದುಬಾರಿಯಾದಲ್ಲಿ, ಬಿಸಿಯನ್ನು ಹಿಡಿತದಲ್ಲಿಡಬೇಕಾದಲ್ಲಿ ಹರಿವಿಗೆ ಸಾಟಿಯಿಲ್ಲ. ಸಕ್ಕರೆ ಒಡೆಯುವ ಪ್ರಯೋಗವನ್ನು ನಮ್ಮ ಬಿ.ಎಸ್‌ಸಿ. ಲ್ಯಾಬುಗಳಲ್ಲಿ ಮಕ್ಕಳು ಇಂದಿಗೂ ಫ್ಲಾಸ್ಕಿನಲ್ಲೇ ಮಾಡಿ ಮುಗಿಸುತ್ತಾರೆ. ಸುತ್ತ ಇಷ್ಟು ಕಾರ್ಖಾನೆಗಳಿರುವ ಗೋಕಾಕ, ಮೂಡಲಗಿ, ಹುಕ್ಕೇರಿಯ ಕಾಲೇಜುಗಳ ಅಧ್ಯಾಪಕರಲ್ಲಿ ನನ್ನ ಕೋರಿಕೆ ಒಂದೇ: ಅದೇ ಪ್ರಯೋಗವನ್ನು ಮುಂದಿನ ವರ್ಷ ಒಂದು ಕಾಲಂನಲ್ಲೂ ಮಾಡಿಸಿ, ಆಮೇಲೆ ಮಕ್ಕಳನ್ನು ಹಂಗಾಮಿನಲ್ಲಿ ಕಾರ್ಖಾನೆಗೆ ಕರೆದೊಯ್ದು ಕ್ಲಾರಿಫೈಯರಿನ ಮುಂದೆ ನಿಲ್ಲಿಸಿ.