ಕೊಟ್ಟಿಗೆಯ ಘಾಟು: ಪತ್ತೆಗೆ ಅರಿಶಿನ, ತಡೆಗೆ ನಾರಿನ ಪುಡಿ

ಕಣ್ಣು ಉರಿಸುವ ಕೊಟ್ಟಿಗೆಯ ಘಾಟು ಹೈನು ಇಟ್ಟುಕೊಂಡ ಎಲ್ಲರಿಗೂ ಗೊತ್ತು. ಇದೇ ಅಮೋನಿಯ. ಗಂಜಲದಲ್ಲಿರುವ ಯೂರಿಯಾವನ್ನು ಸಗಣಿಯ ಸೂಕ್ಷ್ಮಜೀವಿಗಳು ಒಡೆದಾಗ ಇದು ಹುಟ್ಟುತ್ತದೆ. ಹಾರಿಹೋಗುವುದು ಬರೀ ವಾಸನೆಯಲ್ಲ, ಬೆಳೆಗೆ ಬೇಕಾದ ಸಾರಜನಕ.

ಲೆಕ್ಕ ಹಾಕಿ ನೋಡೋಣ. ಒಂದು ಹಸು ದಿನಕ್ಕೆ 8 ಲೀಟರ್ ಗಂಜಲ ಹಾಕುತ್ತದೆ, ಅದರಲ್ಲಿ ಸಾರಜನಕ ಶೇ. 1 ಎಂದಿಟ್ಟುಕೊಳ್ಳಿ. ದಿನಕ್ಕೆ 80 ಗ್ರಾಂ, ವರ್ಷಕ್ಕೆ 29 ಕಿಲೋ ಆಯಿತು. ಯೂರಿಯಾದಲ್ಲಿ ಸಾರಜನಕ ಶೇ. 46. ಅಂದರೆ ಸುಮಾರು 63 ಕಿಲೋ ಯೂರಿಯಾಕ್ಕೆ ಸಮ. 45 ಕಿಲೋದ ಒಂದು ಮೂಟೆಗಿಂತ ಜಾಸ್ತಿ! ಇದನ್ನು ಗಾಳಿಗೆ ಬಿಟ್ಟು ನಾವು ಸೊಸೈಟಿ ಮುಂದೆ ಸಾಲು ನಿಲ್ಲುತ್ತೇವೆ.

ಮೂಗೊಂದೇ ಸಾಲದು

ದಿನವೂ ಕೊಟ್ಟಿಗೆಯಲ್ಲಿ ಓಡಾಡುವವರ ಮೂಗು ಘಾಟಿಗೆ ಒಗ್ಗಿಬಿಡುತ್ತದೆ. ಅದಕ್ಕೇ ನಾನು ಅರಿಶಿನದ ಕಾಗದ ಬಳಸುತ್ತೇನೆ. ಆರತಿಯ ಅರಿಶಿನ ನೀರಿಗೆ ಸುಣ್ಣ ಬೆರೆಸಿದರೆ ಕೆಂಪಾಗುತ್ತದಲ್ಲ, ಅದೇ ಉಪಾಯ. ಸುಣ್ಣದಂತೆ ಅಮೋನಿಯವೂ ಕ್ಷಾರ.

ಒಂದು ಚಮಚ ಅರಿಶಿನ ಪುಡಿಯನ್ನು ಅರ್ಧ ಲೋಟ ಸ್ಪಿರಿಟ್‌ನಲ್ಲಿ ಕದಡಿ. ಒಲೆಯ ಹತ್ತಿರ ಬೇಡ. ಮೇಲಿನ ತಿಳಿಯಲ್ಲಿ ಬ್ಲಾಟಿಂಗ್ ಪೇಪರಿನ ಪಟ್ಟಿಗಳನ್ನು ಅದ್ದಿ ನೆರಳಲ್ಲಿ ಒಣಗಿಸಿ. ಎರಡು ಪಟ್ಟಿಗಳನ್ನು ಮಳೆನೀರಿನಲ್ಲಿ ಒದ್ದೆ ಮಾಡಿ. ಒಂದನ್ನು ಗಂಜಲದ ಕಾಲುವೆಯ ಮೇಲೆ ಗೇಣೆತ್ತರದಲ್ಲಿ, ಇನ್ನೊಂದನ್ನು ಅಂಗಳದಲ್ಲಿ ತೂಗುಹಾಕಿ. ಒಳಗಿನದು ಮಾತ್ರ ಕೆಂಗಂದು ಬಣ್ಣಕ್ಕೆ ತಿರುಗಿದರೆ ಸಾರಜನಕ ಹಾರುತ್ತಿದೆ ಎಂದರ್ಥ. ಬೋರಿನ ನೀರು ಬಳಸಬೇಡಿ. ಕ್ಷಾರದ ನೀರಾದರೆ ತಾನೇ ಬಣ್ಣ ಕೆಡಿಸೀತು. ಎಷ್ಟು ಅಮೋನಿಯ ಇದೆ ಎಂದು ಕಾಗದ ಅಳೆದು ಹೇಳದು. ಇದೆಯೋ ಇಲ್ಲವೋ ಹೇಳುತ್ತದೆ, ಅಷ್ಟೇ.

ಹಿಡಿದಿಡುವುದು ಯಾವುದು?

ಚನ್ನರಾಯಪಟ್ಟಣದ ಕಡೆ ತೆಂಗಿನ ನಾರಿನ ಪುಡಿ ಸಿಗುತ್ತದೆ. ಇದು ತನ್ನ ತೂಕದ ಹಲವು ಪಟ್ಟು ಗಂಜಲ ಕುಡಿಯುತ್ತದೆ. ಜತೆಗೆ ಸ್ವಲ್ಪ ಹುಳಿ ಗುಣವಿರುವುದರಿಂದ ಅಮೋನಿಯವನ್ನು ಹಾರದ ರೂಪಕ್ಕೆ ತಿರುಗಿಸುತ್ತದೆ. ಅರಕಲಗೂಡಿನ ಕಡೆಯವರು ಒಣ ತರಗು ಹಾಸಬಹುದು. ಹೊಳೆನರಸೀಪುರದ ಗದ್ದೆ ಬಯಲಿನವರಿಗೆ ಭತ್ತದ ಹೊಟ್ಟು ಸುಲಭ, ಆದರೆ ಅದು ಹೀರುವುದು ಕಡಿಮೆ. ಹಾಸು ಸಡಿಲವಾಗಿರಲಷ್ಟೇ ಬೆರೆಸಿ. ಇದ್ದಲಿನ ಪುಡಿಯ ಸಣ್ಣ ರಂಧ್ರಗಳಲ್ಲೂ ಅನಿಲ ಅಂಟಿಕೊಳ್ಳುತ್ತದೆ. ಬೂದಿಯನ್ನು ಜರಡಿ ಹಿಡಿದು ತೆಗೆದೇ ಬಳಸಿ.

ಜಿಪ್ಸಂ ಇಲ್ಲವೇ ಸೂಪರ್ ಫಾಸ್ಫೇಟನ್ನು ಗಂಜಲದ ಕಾಲುವೆಗೆ ಎರಡು ಹಿಡಿ ಎರಚಿದರೂ ಅಮೋನಿಯ ನಿಲ್ಲುತ್ತದೆ. ಹಸು ಮಲಗುವಲ್ಲಿ, ನೆಕ್ಕುವಲ್ಲಿ ಮಾತ್ರ ಬೇಡ.

ವಾಸನೆ ಹೋಗಲೆಂದು ಬೂದಿ, ಸುಣ್ಣ ಎರಚುವ ರೂಢಿ ನಮ್ಮಲ್ಲಿದೆ. ಫಲ ತಿರುಗಾಮುರುಗ! ಎರಡೂ ಕ್ಷಾರ, ಇದ್ದ ಅಮೋನಿಯವನ್ನೂ ಹೊರಗೆ ಅಟ್ಟುತ್ತವೆ. ಬೇಕಿದ್ದರೆ ಪರೀಕ್ಷಿಸಿ. ಎರಡು ಬಾಟಲಿಗೆ ಹಳೇ ಗಂಜಲ ಹಾಕಿ, ಒಂದಕ್ಕೆ ಸುಣ್ಣ, ಇನ್ನೊಂದಕ್ಕೆ ಗಂಜಲ ಪೂರ್ತಿ ಹೀರುವಷ್ಟು ನಾರಿನ ಪುಡಿ ಸೇರಿಸಿ. ಬಾಯಿಗೆ ಒದ್ದೆ ಅರಿಶಿನ ಪಟ್ಟಿ ಇಳಿಬಿಡಿ. ಯಾವುದು ಮೊದಲು ಕೆಂಪಾಗುತ್ತದೆ ನೋಡಿ.

ನೆನೆದ ಹಾಸನ್ನು ನೇರ ಹೊಲಕ್ಕೆ ಹಾಕಬೇಡಿ, ಗುಂಡಿಯಲ್ಲಿ ಮಣ್ಣು ಮುಚ್ಚಿ ಕೊಳೆಸಿ. ಹಾಸನದ ಕಡೆ ಆಲೂಗಡ್ಡೆಗೆ ಗೊಬ್ಬರ ಹರಡುವವರು ಅವತ್ತೇ ಉತ್ತು ಮಣ್ಣಿಗೆ ಸೇರಿಸಿ. ಬಿಸಿಲಿಗೆ ಬಿಟ್ಟರೆ, ಇಷ್ಟು ದಿನ ಹಿಡಿದಿಟ್ಟದ್ದರಲ್ಲಿ ಒಂದು ಪಾಲು ಅಲ್ಲೇ ಹಾರಿಹೋಗುತ್ತದೆ.